ಓದುಗರ ಪ್ರಶ್ನೆ, ನಮ್ಮ ಉತ್ತರ: ದಸರೆಯ ರಜೆ, ಮಕ್ಕಳ ಪುಸ್ತಕ, ಮನೆಯ ಪದ್ಧತಿ

ದಸರೆಯ ಮಧ್ಯಂತರ ರಜೆ ಸಮೀಪಿಸುತ್ತಿರುವಂತೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಓದು ಮತ್ತು ಮನೆತನದ ಹಬ್ಬದ ಪದ್ಧತಿಗಳ ಬಗ್ಗೆಯೇ ಕೇಳಿವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ಣವಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಎಂದಿನಂತೆ ಕೈಬಿಟ್ಟಿದ್ದೇನೆ.

ಪ್ರಶ್ನೆ: ಹಳೆಯ ಮನೆ ಹಿನ್ನೀರಿನ ಪಾಲಾದ ಮೇಲೆ ನಾವು ಬಾಗಲಕೋಟೆಯ ನವನಗರಕ್ಕೆ ಬಂದು ನೆಲೆಸಿದವರು. ಮಗ ಪುಣೆಯಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿದ್ದಾಳೆ. ದಸರೆಗೆ ನಾಲ್ವರು ಮೊಮ್ಮಕ್ಕಳು ಬರುತ್ತಾರೆ. ಎಲ್ಲರಿಗಿಂತ ಚಿಕ್ಕವಳಿಗೆ 4 ವರ್ಷ, ದೊಡ್ಡವನಿಗೆ 13. ಪ್ರತಿ ವರ್ಷ ಕನ್ನಡ ಪುಸ್ತಕ ತರಿಸಿಡುತ್ತೇನೆ. ಮಕ್ಕಳು ಒಂದೆರಡು ಹಾಳೆ ತಿರುವಿ ಅಲ್ಲಿಯೇ ಬಿಟ್ಟು ಹೋಗುತ್ತಾರೆ. ಇತ್ತ ಘಟ್ಟ ಹಾಕುವುದು (ನವರಾತ್ರಿಯ ಘಟಸ್ಥಾಪನೆ), ಮಾಲೆ ಕಟ್ಟುವುದು, ಅಡುಗೆ ಎಂದು ನಾನೂ ಕೆಲಸದಲ್ಲಿ ಮುಳುಗಿರುತ್ತೇನೆ. ಪುಸ್ತಕವೂ ಬೇಕು, ಮನೆಯ ಪದ್ಧತಿಯೂ ತಿಳಿಯಬೇಕು. ಎರಡಕ್ಕೂ ಸಮಯ ಎಲ್ಲಿಂದ ತರಲಿ?

ಉತ್ತರ: ಎರಡಕ್ಕೂ ಬೇರೆ ಬೇರೆ ಸಮಯ ಬೇಕು ಎಂದುಕೊಂಡಿರುವುದರಿಂದಲೇ ನಿಮಗೆ ಸಮಯ ಸಾಲುತ್ತಿಲ್ಲ ಎನಿಸುತ್ತದೆ. ಹಬ್ಬದ ಕೆಲಸದ ನಡುವೆಯೇ ಪುಸ್ತಕಕ್ಕೆ ಒಂದು ಜಾಗ ಮಾಡಿಕೊಡಬೇಕು. ರಾಶಿ ಪುಸ್ತಕವನ್ನು ಮಕ್ಕಳ ಮುಂದಿಟ್ಟು, "ತಗೊಳ್ರಿ, ಓದ್ರಿ" ಎಂದು ಅಡುಗೆಮನೆಗೆ ಹೋದರೆ, ಊರಿನಿಂದ ಊರಿಗೆ ಬಂದು, ದಾಯಾದಿಗಳೊಡನೆ ಆಡಲು ಹಾತೊರೆಯುತ್ತಿರುವ ಮಕ್ಕಳು ಓದುವುದಿಲ್ಲ. ಅದರಲ್ಲಿ ಮಕ್ಕಳ ತಪ್ಪೂ ಇಲ್ಲ. ಪುಣೆ, ಬೆಂಗಳೂರುಗಳಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಮಾತು ಚೆನ್ನಾಗಿ ಬಂದರೂ ಕನ್ನಡದ ಓದು ನಿಧಾನವಾಗಿಯೇ ಇರುತ್ತದೆ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ ಓದಬೇಕಾದಾಗ ಕಥೆಯ ರುಚಿ ಕೆಡುತ್ತದೆ. ಆದರೆ ಮಗು ತಾನಾಗಿ ಓದಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚಿನದನ್ನು ಕಿವಿಯಿಂದ ಕೇಳಿ ತಿಳಿದುಕೊಳ್ಳುತ್ತದೆ. ಆದ್ದರಿಂದ ಗಟ್ಟಿಯಾಗಿ ಓದಿ ಹೇಳುವುದೇ ಈ ರಜೆಯ ಮುಖ್ಯ ಕೆಲಸವಾಗಲಿ.

ಅದಕ್ಕೆ ನಿಮ್ಮ ಮನೆಯಲ್ಲಿ ಹೊತ್ತು ಈಗಾಗಲೇ ಗೊತ್ತಾಗಿದೆ. ಸಂಜೆ ಘಟ್ಟಕ್ಕೆ ಮಾಲೆ ಏರಿಸಿ, ದೀಪಕ್ಕೆ ಎಣ್ಣೆ ಹಾಕಿ, ಆರತಿ ಮುಗಿದ ಮೇಲೆ ಊಟಕ್ಕೆ ಕೂರುವ ತನಕ ಮನೆಮಂದಿಯೆಲ್ಲ ಒಂದೇ ಕಡೆ ಇರುತ್ತಾರೆ. ಆ ಅರ್ಧ ಗಂಟೆಯಲ್ಲಿ ಒಂದೇ ಒಂದು ಪುಸ್ತಕವನ್ನು ಓದಿರಿ. ಓದುವವರು ನೀವೇ ಆಗಬೇಕೆಂದಿಲ್ಲ. 13 ವರ್ಷದ ಮೊಮ್ಮಗನಿಗೆ ಚಿಕ್ಕಮಕ್ಕಳ ಚಿತ್ರಪುಸ್ತಕವನ್ನು ಕೊಟ್ಟು, "ನಿನ್ನ ತಂಗಿಗೆ ಓದಿ ಹೇಳಪಾ, ನನಗ ಕಣ್ಣು ಕಾಣವಲ್ಲವು" ಎಂದು ಕೇಳಿ ನೋಡಿರಿ. ತನಗಾಗಿ ಕೊಟ್ಟಿದ್ದರೆ "ಇದು ಸಣ್ಣ ಹುಡುಗರದು" ಎಂದು ಅವನು ಬದಿಗಿಡುತ್ತಿದ್ದ ಪುಸ್ತಕವನ್ನು ಹಿರಿಯಣ್ಣನ ಗತ್ತಿನಿಂದ ಓದುತ್ತಾನೆ. ಅವನ ಕನ್ನಡವೂ ಯಾರ ಕಣ್ಣಿಗೂ ಬೀಳದಂತೆ ಸುಧಾರಿಸುತ್ತದೆ. ನಾಲ್ಕು ವರ್ಷದವಳಿಗೆ ಒಂದು ಪುಟಕ್ಕೆ ಒಂದೆರಡು ಸಾಲು, ಉಳಿದದ್ದು ಚಿತ್ರ, ಇಷ್ಟಿದ್ದರೆ ಸಾಕು. ಅದೇ ಪುಸ್ತಕವನ್ನು ಮರುದಿನವೂ ಬೇಕೆಂದು ಅವಳು ಹಟ ಹಿಡಿದರೆ ದಯವಿಟ್ಟು ಬೇಸರಿಸಬೇಡಿರಿ. ಮುಂದೆ ಏನಾಗುತ್ತದೆ ಎಂದು ಮೊದಲೇ ಗೊತ್ತಿರುವ ಕಥೆಯಲ್ಲಿಯೇ ಆ ವಯಸ್ಸಿನ ಮಗು ಮಾತು ಕಲಿಯುತ್ತದೆ.

ಇನ್ನು ಘಟ್ಟದ ವಿಷಯ. ಇದನ್ನು ನೀವು ಒಬ್ಬರೇ ಮಾಡಬೇಡಿರಿ. ಪಾಡ್ಯದ ಹಿಂದಿನ ದಿನ ಹೊಲದ ಮಣ್ಣು ತರಿಸಿದಾಗ ಅದನ್ನು ಜರಡಿ ಹಿಡಿಯುವುದು, ಹೆಂಟೆ ಒಡೆಯುವುದು, ಕಲ್ಲು ಆರಿಸುವುದು ಮಕ್ಕಳ ಪಾಲಿಗಿರಲಿ. ಪತ್ರಾವಳಿಯ ಮೇಲೆ ಮಣ್ಣು ಹರಡಿ, ನಡುವೆ ಕೊಡ ಇಟ್ಟು, ಸುತ್ತ ಗೋದಿ, ಜೋಳದ ಕಾಳು ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚುವಾಗ ನಾಲ್ವರೂ ಕೈ ಹಚ್ಚಲಿ. ಮರುದಿನದಿಂದ ನೀರು ಚಿಮುಕಿಸುವ ಸರದಿಯನ್ನು ಮಕ್ಕಳೇ ಹಂಚಿಕೊಳ್ಳಲಿ. ಮೂರನೆಯ ದಿನಕ್ಕೆ ಬಿಳಿ ಮೊಳಕೆ ಕಾಣುತ್ತದೆ, ಅಷ್ಟಮಿಯ ಹೊತ್ತಿಗೆ ಗೇಣುದ್ದದ ಸಸಿ ನಿಂತಿರುತ್ತದೆ. ಆದರೆ ದೇವರಕೋಣೆಯ ಸಸಿ ಹೊಲದ ಪೈರಿನಂತೆ ಹಸಿರಾಗಿರುವುದಿಲ್ಲ, ಹಳದಿಯಾಗಿರುತ್ತದೆ. "ಯಾಕ ಹಳದಿ?" ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಬೆಳಕು ಸಿಗದಿದ್ದರೆ ಎಲೆಯಲ್ಲಿ ಪತ್ರಹರಿತ್ತು ಉಂಟಾಗುವುದಿಲ್ಲ ಎಂಬುದು ಅದರ ಕಾರಣ. ಆ ಉತ್ತರವನ್ನು ನೀವು ಥಟ್ಟನೆ ಹೇಳಿ ಮುಗಿಸದೆ, ಅದೇ ಕಾಳನ್ನು ಇನ್ನೊಂದು ಬಟ್ಟಲಿನಲ್ಲಿ ಬಿತ್ತಿ ಪಡಸಾಲೆಯ ಕಿಟಕಿಯಲ್ಲಿಡಲು ಹೇಳಿರಿ. ಸಸ್ಯಗಳ ಬಗ್ಗೆ ಮಕ್ಕಳಿಗಾಗಿ ಬರೆದ ಒಂದು ಪುಸ್ತಕವನ್ನು ಈ ವರ್ಷ ತರಿಸಿಟ್ಟರೆ ಅದು ಅಲಮಾರಿಯಲ್ಲಿ ಉಳಿಯುವುದಿಲ್ಲ. ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡ ಮಗು ಅದನ್ನು ತಾನಾಗಿ ತೆಗೆಯುತ್ತದೆ. ಪುಸ್ತಕ ಆರಿಸುವಾಗಲೂ ಇದನ್ನೇ ನೆನಪಿಡಿರಿ. ಹಬ್ಬದಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಕಾಳು, ಮಣ್ಣು, ಚಂದ್ರ, ಹಕ್ಕಿ, ಎತ್ತು, ಕೋಟೆ, ಇವುಗಳಿಗೆ ಹತ್ತಿರವಾದ ನಾಲ್ಕೈದು ಪುಸ್ತಕಗಳಿದ್ದರೆ ಸಾಕು. ಹೆಚ್ಚು ಬೇಡ.

ಮಕ್ಕಳು ಮರಳಿ ಹೋಗುವಾಗ ಅವರು ಇಷ್ಟಪಟ್ಟ ಪುಸ್ತಕವನ್ನು ಜೊತೆಗೆ ಕಳಿಸಿರಿ, ಇಷ್ಟಪಡದಿದ್ದುದನ್ನು ಓಣಿಯ ಮಕ್ಕಳಿಗೆ ಕೊಡಿರಿ. ನಿಮ್ಮ ಅಲಮಾರಿ ಖಾಲಿಯಾದಷ್ಟೂ ಒಳ್ಳೆಯದು.

ಪ್ರಶ್ನೆ: ವಿಜಯಪುರದವನು ನಾನು. ನಮ್ಮಲ್ಲಿ ಸರಸ್ವತಿಯ ಆವಾಹನೆಯ ದಿನ ಪುಸ್ತಕಗಳನ್ನು ಪೂಜೆಗಿಟ್ಟರೆ ವಿಜಯದಶಮಿಯ ತನಕ ಯಾರೂ ಮುಟ್ಟುವಂತಿಲ್ಲ. ನನ್ನ 9 ವರ್ಷದ ಮಗಳಿಗೆ ಓದಿನ ಹುಚ್ಚು. ಕಳೆದ ವರ್ಷ ಅರ್ಧ ಓದಿದ ಕಥೆಪುಸ್ತಕವನ್ನು ನನ್ನ ತಾಯಿ ಪೂಜೆಗಿಟ್ಟುಬಿಟ್ಟರು. ಮಗು ಅತ್ತಿತು, ಅಜ್ಜಿಯೂ ಮುನಿಸಿಕೊಂಡರು. ಈ ವರ್ಷ ಯಾರ ಪರ ವಹಿಸಲಿ?

ಉತ್ತರ: ಪದ್ಧತಿಯ ವಿಷಯದಲ್ಲಿ ನಿಮ್ಮ ತಾಯಿಯವರ ಪರ, ಆ ಕಥೆಪುಸ್ತಕದ ವಿಷಯದಲ್ಲಿ ಮಗಳ ಪರ. ಪುಸ್ತಕವನ್ನು ಪೂಜೆಗಿಡುವ ದಿನಗಳು ಎಲ್ಲ ಮನೆಗಳಲ್ಲಿ ಒಂದೇ ಆಗಿಲ್ಲ. ಮೂಲಾ ನಕ್ಷತ್ರದಂದು ಇಡುವವರಿದ್ದಾರೆ, ಖಂಡೇಪೂಜೆಯ ದಿನ ಆಯುಧಗಳ ಜೊತೆಗೆ ಮಾತ್ರ ಇಡುವವರೂ ಇದ್ದಾರೆ. ಆದರೆ ಮನೆಯಲ್ಲಿರುವ ಪುಸ್ತಕಗಳನ್ನೆಲ್ಲ ಇಡಬೇಕೆಂದು ಎಲ್ಲಿಯೂ ವಿಧಿಯಿಲ್ಲ. ಶಾಲೆಯ ಪುಸ್ತಕಗಳು ಮತ್ತು ಮನೆಯವರು ಒಬ್ಬೊಬ್ಬರು ತಾವೇ ಆರಿಸಿಕೊಟ್ಟ ಒಂದೊಂದು ಪುಸ್ತಕ, ಇಷ್ಟನ್ನು ಮಣೆಯ ಮೇಲಿಟ್ಟರೆ ಪೂಜೆ ಸಾಂಗವಾಗುತ್ತದೆ. ತಾನೇ ಆರಿಸಿ, ತಾನೇ ಕೈಮುಟ್ಟಿ ಇಟ್ಟ ಪುಸ್ತಕವನ್ನು ಕುರಿತು ಮಗು ಅಳುವುದಿಲ್ಲ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಈ ಪದ್ಧತಿಯಲ್ಲಿ ಇಡುವುದು ಎಷ್ಟು ಮುಖ್ಯವೋ, ವಿಜಯದಶಮಿಯ ಬೆಳಿಗ್ಗೆ ತೆಗೆದು ಓದುವುದೂ ಅಷ್ಟೇ ಮುಖ್ಯ. ನಮ್ಮ ಹೆಚ್ಚಿನ ಮನೆಗಳಲ್ಲಿ ಇಡುವುದನ್ನು ಶ್ರದ್ಧೆಯಿಂದ ಮಾಡುತ್ತೇವೆ, ತೆಗೆಯುವುದನ್ನು ಮಾತ್ರ ಯಾರೋ ಅವಸರದಲ್ಲಿ ಮುಗಿಸಿಬಿಡುತ್ತಾರೆ. ಈ ವರ್ಷ ಅದನ್ನು ನಿಮ್ಮ ಮಗಳಿಗೆ ವಹಿಸಿರಿ. ಸ್ನಾನ ಮಾಡಿ, ಮಂಗಳಾರತಿಯಾದ ಮೇಲೆ, ಪುಸ್ತಕದ ಮೇಲಿನ ಹೂವು, ಅಕ್ಷತೆ ಸರಿಸಿ, ತಾನು ಇಟ್ಟ ಪುಸ್ತಕದ ಮೊದಲ ಪುಟವನ್ನು ಅವಳು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಲಿ. ಆಮೇಲೆ ಅಜ್ಜಿಯ ಪುಸ್ತಕದಿಂದ ಅಜ್ಜಿ ಒಂದು ಪುಟ ಓದಲಿ. ಅಜ್ಜಿ ಇಡುವುದು ದೇವರನಾಮದ ಪುಸ್ತಕವಾದರೂ ಸರಿ, ವಚನದ ಪುಸ್ತಕವಾದರೂ ಸರಿ.

ನಿಮ್ಮ ಊರಿನವರಿಗೆ ಈ ಸಂಬಂಧದಲ್ಲಿ ಫ. ಗು. ಹಳಕಟ್ಟಿಯವರನ್ನು ನೆನಪಿಸಬೇಕಾಗಿಲ್ಲ, ಆದರೆ ನಿಮ್ಮ ಮಗಳಿಗೆ ಹೇಳಬೇಕು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಊರೂರು ತಿರುಗಿ ಮನೆಮನೆಗಳಿಂದ ವಚನಗಳ ತಾಡೋಲೆ, ಕೈಬರಹದ ಪ್ರತಿಗಳನ್ನು ಸಂಗ್ರಹಿಸಿದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದರು. ಒಳಗೆ ಏನು ಬರೆದಿದೆಯೆಂದು ಬಿಚ್ಚಿ ಓದುವವರು ಇರಲಿಲ್ಲ. ಆ ಮನೆಯವರ ಭಕ್ತಿ ಇಲ್ಲದಿದ್ದರೆ ಓಲೆಗಳು ಉಳಿಯುತ್ತಿರಲಿಲ್ಲ, ಹಳಕಟ್ಟಿಯವರು ಬಿಚ್ಚಿ ಓದದಿದ್ದರೆ 1923ರಲ್ಲಿ ಅವರ ವಚನ ಸಂಕಲನದ ಮೊದಲ ಭಾಗ ಅಚ್ಚಾಗಿ ಜನರ ಕೈಗೆ ಬರುತ್ತಿರಲಿಲ್ಲ. ಕಾಪಾಡಿದವರೂ ಬೇಕು, ಬಿಚ್ಚಿದವರೂ ಬೇಕು ಎಂಬುದನ್ನು 9 ವರ್ಷದ ಹುಡುಗಿ ಖಂಡಿತ ತಿಳಿದುಕೊಳ್ಳುತ್ತಾಳೆ. ನಿಮ್ಮ ತಾಯಿಯವರಿಗೂ ಅದು ಒಪ್ಪಿಗೆಯಾಗುತ್ತದೆ ಎಂದು ನಂಬಿದ್ದೇನೆ.

ಪ್ರಶ್ನೆ: ನಾನು ಬೆಳಗಾವಿಯ ಸೊಸೆ. ತವರು ಬೈಲಹೊಂಗಲದ ಕಡೆಯದು, ಅಲ್ಲಿ ಕನ್ನಡ. ಅತ್ತೆಯ ಮನೆಯಲ್ಲಿ ಮರಾಠಿ. ಶಾಲೆಯಲ್ಲಿ ಇಂಗ್ಲಿಷ್. 6 ವರ್ಷದ ಮಗನಿಗೆ ರಜೆಯಲ್ಲಿ ಯಾವ ಭಾಷೆಯ ಪುಸ್ತಕ ಓದಿ ಹೇಳಲಿ? ಎರಡೂ ಓದಿದರೆ ಗೊಂದಲವಾಗುತ್ತದೆ ಎಂದು ಕೆಲವರು ಹೇಳುತ್ತಾರೆ.

ಉತ್ತರ: ಗೊಂದಲವಾಗುವುದಿಲ್ಲ. ಬೆಳಗಾವಿಯಲ್ಲಿ ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಎಷ್ಟು ಮಂದಿ ಎರಡನ್ನೂ ಸರಾಗವಾಗಿ ಆಡುತ್ತಾರೆಂಬುದು ನಿಮ್ಮ ಸುತ್ತಲೇ ಕಾಣುತ್ತದೆ. ನೀವು ಕನ್ನಡದಲ್ಲಿ ಓದಿರಿ, ನಿಮ್ಮ ಅತ್ತೆಯವರು ಮರಾಠಿಯಲ್ಲಿ ಓದಲಿ. ಯಾರ ಬಾಯಲ್ಲಿ ಯಾವ ಭಾಷೆ ಸಹಜವಾಗಿದೆಯೋ ಅವರು ಅದರಲ್ಲಿಯೇ ಓದುವುದು ಒಳ್ಳೆಯದು; ಬಾರದ ಭಾಷೆಯಲ್ಲಿ ತಡವರಿಸಿ ಓದುವ ಹಟ ಬೇಡ. ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಒಂದೇ ಪುಸ್ತಕವನ್ನು ಹಲವು ಭಾರತೀಯ ಭಾಷೆಗಳಲ್ಲಿ ಪ್ರಕಟಿಸುತ್ತದೆ, ಪ್ರಥಮ್ ಬುಕ್ಸ್‌ನವರೂ ಹಾಗೆಯೇ ಮಾಡುತ್ತಾರೆ. ಕನ್ನಡ ಮತ್ತು ಮರಾಠಿ ಎರಡೂ ಪ್ರತಿಗಳನ್ನು ತಂದರೆ ಒಂದೇ ಚಿತ್ರ, ಒಂದೇ ಕಥೆ, ಎರಡು ಲಿಪಿ. ಮಗನಿಗೆ ಅದು ಆಟವಾಗುತ್ತದೆ, ಅತ್ತೆ ಸೊಸೆಯರಿಗೆ ಒಟ್ಟಿಗೆ ಕೂರುವ ನೆಪವಾಗುತ್ತದೆ.

ದೀಪಾವಳಿಗೆ ನಿಮ್ಮ ಗಲ್ಲಿಯ ಹುಡುಗರು ಮನೆಯ ಮುಂದೆ ಮಣ್ಣಿನ ಕಿಲ್ಲೆ ಕಟ್ಟುತ್ತಾರಲ್ಲ, ಅದಕ್ಕೆ ಈಗಿನಿಂದಲೇ ಸಿದ್ಧತೆ ಮಾಡಬಹುದು. ಕಿಲ್ಲೆಯೆಂದರೆ ಬೆಳಗಾವಿಯ ಮಕ್ಕಳಿಗೆ ಶಿವಾಜಿ ಮಹಾರಾಜರ ಕೋಟೆಗಳು ನೆನಪಾಗುತ್ತವೆ, ಅದು ಇರಲಿ. ಅದರ ಜೊತೆಗೆ ನಿಮ್ಮ ತವರಿನ ಕಡೆಯ ಕೋಟೆಗಳೂ ಅವನಿಗೆ ತಿಳಿಯಲಿ. ರಜೆಯಲ್ಲಿ ಒಮ್ಮೆ ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನೂ, ತವರಿಗೆ ಹೋದಾಗ ಕಿತ್ತೂರಿನ ಕೋಟೆಯನ್ನೂ ತೋರಿಸಿಕೊಂಡು ಬನ್ನಿರಿ. ಚೆನ್ನಮ್ಮ ರಾಣಿಯ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ್ದು 1824ರ ಅಕ್ಟೋಬರ್ 23ರಂದು. ಅದೇ ದಿನಗಳಲ್ಲಿ ಪ್ರತಿ ವರ್ಷ ಅಲ್ಲಿ ಉತ್ಸವ ನಡೆಯುತ್ತದೆ. ರಾಣಿ ಸೆರೆಯಲ್ಲಿದ್ದು ಕೊನೆಯುಸಿರೆಳೆದದ್ದು ನಿಮ್ಮ ಬೈಲಹೊಂಗಲದಲ್ಲಿಯೇ. ಅದನ್ನು ಪುಸ್ತಕದಲ್ಲಿ ಓದುವ ಮೊದಲು ನೀವೇ ಬಾಯಿಂದ ಹೇಳಿರಿ, ನಿಮ್ಮ ಊರಿನ ಹೆಣ್ಣುಮಗಳೊಬ್ಬಳ ಕಥೆ ಹೇಳುವಂತೆ. ಮಣ್ಣಿನ ಕಿಲ್ಲೆಗೆ ಬುರುಜು, ದಿಡ್ಡಿ ಬಾಗಿಲು, ಬಾವಿ ಎಂದು ಹೆಸರಿನ ಚೀಟಿ ಅಂಟಿಸುವಾಗ ಎರಡೂ ಲಿಪಿಯಲ್ಲಿ ಬರೆಸಿರಿ. ಆರು ವರ್ಷದವನಿಗೆ ಅಷ್ಟು ಬರವಣಿಗೆ ಸಾಕು.

ಪ್ರಶ್ನೆ: ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ತಂದೆಯವರ ಕಾಲದ ಮಕ್ಕಳ ಮಾಸಪತ್ರಿಕೆಗಳ ಕಟ್ಟುಗಳಿವೆ. ಕೆಲವಕ್ಕೆ ಹುಳ ಹಿಡಿದಿದೆ. ಮಕ್ಕಳ ಕೈಗೆ ಕೊಡಬಹುದೇ? (ಮುಧೋಳ)

ಉತ್ತರ: ಕೊಡಬಹುದು, ಕೊಡಲೇಬೇಕು. ಮೊದಲು ಅಂಗಳದ ನೆರಳಿನಲ್ಲಿ ಹರಡಿ ಗಾಳಿಗೆ ಒಣಗಲು ಬಿಡಿರಿ. ಬಿಸಿಲಿಗಿಟ್ಟರೆ ಹಳೆಯ ಕಾಗದ ಸೆಟೆದು ಮುರಿಯುತ್ತದೆ. ಮೆತ್ತನೆಯ ಬ್ರಷ್‌ನಿಂದ ಪುಟಪುಟವನ್ನೂ ಝಾಡಿಸಿರಿ. ಗೆದ್ದಲು ಹತ್ತಿದ ಪ್ರತಿಗಳನ್ನು ಉಳಿದವುಗಳಿಂದ ಬೇರೆ ಮಾಡಿರಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿರಿ, ವರ್ಷ ಕಳೆದಂತೆ ಅದು ಕಂದುಗಟ್ಟಿ ಅಕ್ಷರವನ್ನೂ ಕೆಡಿಸುತ್ತದೆ. ತೆಳುವಾದ ಕಾಗದದ ಪಟ್ಟಿಯನ್ನು ಗಂಜಿಯಿಂದ ಅಂಟಿಸಿರಿ. ಟ್ರಂಕಿಗೆ ಮರಳಿ ಇಡುವಾಗ ಒಣಗಿದ ಬೇವಿನ ಎಲೆ, ಬಜೆಯ ತುಂಡು ಹಾಕುವ ಹಿರಿಯರ ಕ್ರಮ ಒಳ್ಳೆಯದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಡಾಂಬರ್ ಗುಳಿಗೆ ಬೇಡ. ಪೆಪ್ಪರ್‌ಮಿಂಟ್ ಎಂದು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೆ ಅಪಾಯ. ಮಕ್ಕಳು ಆ ಪತ್ರಿಕೆ ಓದುವಾಗ ನಿಮ್ಮ ತಂದೆಯವರ ಹೆಸರು, ಸಹಿ, ಅಂಚಿನಲ್ಲಿ ಗೀಚಿದ ಚಿತ್ರ ಎಲ್ಲಿಯಾದರೂ ಸಿಕ್ಕೀತು. ಅದನ್ನು ತೋರಿಸುವುದನ್ನು ಮರೆಯಬೇಡಿರಿ.

ಪ್ರಶ್ನೆ: ನಾವು ವಿಜಯಪುರದ ಮುಸ್ಲಿಂ ಮನೆತನದವರು. ದಸರೆಯ ಸಂಜೆ ನೆರೆಮನೆಯ ಮಕ್ಕಳು ನಮ್ಮ ಮನೆಗೆ ಬನ್ನಿ ಕೊಡಲು ಬರುತ್ತಾರೆ, ನಮ್ಮ ಮಕ್ಕಳೂ ಅವರಿಗೆ ಕೊಡುತ್ತಾರೆ. ಈ ಸಲ ಬನ್ನಿಯ ಜೊತೆಗೆ ಒಂದೊಂದು ಪುಸ್ತಕ ಕೊಡಬೇಕೆಂದು ಮಕ್ಕಳ ಆಸೆ. ತಪ್ಪಾಗುತ್ತದೆಯೇ?

ಉತ್ತರ: ಇಷ್ಟು ಒಳ್ಳೆಯ ಆಸೆಯಲ್ಲಿ ತಪ್ಪು ಎಲ್ಲಿಂದ ಬರಬೇಕು? "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂಬ ಮಾತು ನಮ್ಮ ಭಾಗದಲ್ಲಿ ಒಂದು ಜಾತಿಗೋ ಒಂದು ಧರ್ಮಕ್ಕೋ ಸೇರಿದ್ದಲ್ಲ. ವರ್ಷವಿಡೀ ಮಾತು ಬಿಟ್ಟವರೂ ಆ ಸಂಜೆ ಬನ್ನಿ ಕೊಟ್ಟು ಮಾತಾಡುತ್ತಾರೆ. ಕೊಡುವ ಪುಸ್ತಕ ಹೊಸದೇ ಆಗಬೇಕಿಲ್ಲ. ನಿಮ್ಮ ಮಕ್ಕಳು ಓದಿ ಮೆಚ್ಚಿದ ಪುಸ್ತಕವೇ ಆಗಿರಲಿ, ಯಾಕೆ ಮೆಚ್ಚಿದೆವೆಂದು ಒಳಪುಟದಲ್ಲಿ ಎರಡು ಸಾಲು ಬರೆದಿರಲಿ. ಮುಂದೆ ಈದ್ ದಿನ ಸುರಕುಂಬಾ ಕುಡಿಯಲು ಬರುವ ಆ ಮಕ್ಕಳು ಇನ್ನೊಂದು ಪುಸ್ತಕ ತಂದುಕೊಟ್ಟರೆ ಓಣಿಯಲ್ಲಿ ಒಂದು ಹೊಸ ರೂಢಿ ಬೆಳೆದಂತಾಯಿತು. ಒಂದು ವಿನಂತಿ ಮಾತ್ರ ಎಲ್ಲ ಓದುಗರಲ್ಲಿಯೂ ಇದೆ: ಬನ್ನಿಗಾಗಿ ಮರದ ಕೊಂಬೆಗಳನ್ನೇ ಮುರಿದು ತರಬೇಡಿರಿ. ಬನ್ನಿ ನಿಧಾನವಾಗಿ ಬೆಳೆಯುವ ಮರ. ಅಂಗೈಗೆ ನಾಲ್ಕು ಎಲೆ ಸಾಕು.

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕಿನ ಹಳ್ಳಿ. ಇಲ್ಲಿ ಪುಸ್ತಕದ ಅಂಗಡಿ ಇಲ್ಲ, ಮಕ್ಕಳಿಗಾಗಿ ಪುಸ್ತಕ ಕೊಳ್ಳುವಷ್ಟು ಅನುಕೂಲವೂ ಈ ವರ್ಷ ಇಲ್ಲ. ಮನೆಯಲ್ಲಿ 70 ದಾಟಿದ ನಮ್ಮ ಅತ್ತೆಯವರಿದ್ದಾರೆ. ಬಹಳ ಕಥೆ, ಹಾಡು, ಒಡಪು ಬರುತ್ತವೆ, ಆದರೆ ಓದು ಬರಹ ಬಾರದು. "ನನಗೇನ್ ಬರ್ತದ ಬಿಡವಾ, ಸಾಲಿ ಕಲತಾಕಿ ಅಲ್ಲ" ಎನ್ನುತ್ತಾರೆ. ಮಕ್ಕಳಿಗೆ ಈ ರಜೆಯಲ್ಲಿ ನಾವು ಏನು ಕೊಡಬಹುದು?

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಇದು. ಮೊದಲು ಪುಸ್ತಕದ ಅನುಕೂಲ ಹೇಳಿಬಿಡುತ್ತೇನೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗ ಅರಿವು ಕೇಂದ್ರವೆಂದು ಕರೆಯುವಲ್ಲಿಗೆ, ಮಕ್ಕಳನ್ನು ಕರೆದುಕೊಂಡು ಹೋಗಿರಿ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಮನೆಗೆ ಪುಸ್ತಕ ಒಯ್ಯಲು ಕೇಳಿರಿ. ಮೊಬೈಲಿನಲ್ಲಿ ಇಂಟರ್‌ನೆಟ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ನಾಲ್ಕು ಹಂತಗಳಲ್ಲಿ ಉಚಿತವಾಗಿ ದೊರೆಯುತ್ತವೆ; ಅವನ್ನು ಮುದ್ರಿಸಿಕೊಂಡು ಹಂಚಲು ಅವರ ಪರವಾನಗಿಯಲ್ಲಿಯೇ ಅವಕಾಶವಿದೆ. ಓಣಿಯ ನಾಲ್ಕು ಮನೆಯವರು ಸೇರಿ ಜಮಖಂಡಿಯ ಝೆರಾಕ್ಸ್ ಅಂಗಡಿಯಲ್ಲಿ ಕೆಲವನ್ನು ತೆಗೆಸಿದರೆ ರಜೆಗೆ ಸಾಕಾಗುತ್ತವೆ.

ಆದರೆ ನಿಮ್ಮ ಮನೆಯಲ್ಲಿರುವ ದೊಡ್ಡ ಪುಸ್ತಕ ನಿಮ್ಮ ಅತ್ತೆಯವರೇ. "ಸಾಲಿ ಕಲತಾಕಿ ಅಲ್ಲ" ಎಂಬ ಅವರ ಸಂಕೋಚವನ್ನು ಕೇಳಿ ನನಗೆ ಹಲಸಂಗಿಯ ಗೆಳೆಯರು ನೆನಪಾದರು. ವಿಜಯಪುರ ಜಿಲ್ಲೆಯ ಆ ಸಣ್ಣ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1930ರ ದಶಕದಲ್ಲಿ ಪುಸ್ತಕಗಳಾಗಿ ಹೊರತಂದರು. ಆ ಹಾಡು ಹೇಳಿದ ತಾಯಂದಿರಲ್ಲಿ ಹೆಚ್ಚಿನವರು ಶಾಲೆಯ ಮುಖ ಕಂಡವರಲ್ಲ. ಇಂದು ಕನ್ನಡ ಎಂ.ಎ. ಓದುವವರು ಆ ತ್ರಿಪದಿಗಳನ್ನು ಪಠ್ಯವಾಗಿ ಓದುತ್ತಾರೆ. ಇದನ್ನು ನಿಮ್ಮ ಅತ್ತೆಯವರಿಗೆ ಹೇಳಿರಿ, ಮಕ್ಕಳ ಮುಂದೆಯೇ ಹೇಳಿರಿ.

ಕೇಳುವ ರೀತಿ ಮುಖ್ಯ. "ಒಂದು ಕಥೆ ಹೇಳ್ರಿ" ಎಂದು ಪಟ್ಟನೆ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಕೈ ಕೆಲಸದಲ್ಲಿರುವಾಗ, ಶೇಂಗಾ ಸುಲಿಯುವಾಗ, ಹೋಳಿಗೆಯ ಹೂರಣ ರುಬ್ಬುವಾಗ, ಮಾಲೆ ಕಟ್ಟುವಾಗ ಮಗು ಪಕ್ಕದಲ್ಲಿ ಕೂತು, "ಆಯಿ, ನಿಮ್ಮ ತವರಮನ್ಯಾಗ ಘಟ್ಟ ಹೆಂಗ ಹಾಕತಿದ್ರಿ? ಯಾವ ಕಾಳ ಬಿತ್ತತಿದ್ರಿ? ಆಗ ಯಾರ್ಯಾರ ಇದ್ರು?" ಎಂದು ಕೇಳಲಿ. ಅಲ್ಲಿಂದ ಮಾತು ತಾನಾಗಿ ಹರಿಯುತ್ತದೆ. ಕಥೆ ಶುರುವಾದರೆ ಮಕ್ಕಳು ಹೂಂಗುಟ್ಟುವುದನ್ನು ಬಿಡಬಾರದು. ಹೂಂಗುಟ್ಟುವವರಿಲ್ಲದೆ ನಮ್ಮ ಕಡೆಯ ಹಿರಿಯರು ಕಥೆ ಹೇಳುವುದಿಲ್ಲ. ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿರಿ, ಆದರೆ ಅವರ ಮುಖದ ಮುಂದೆ ಹಿಡಿಯಬೇಡಿರಿ, ಮಗ್ಗುಲಲ್ಲಿ ಇಟ್ಟುಬಿಡಿರಿ.

ಆಮೇಲೆ ಮಕ್ಕಳು ಆ ಧ್ವನಿ ಕೇಳುತ್ತ ಬರೆದುಕೊಳ್ಳಲಿ. ಆಯಿ ಆಡಿದ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿರಿ. ಅವರು "ಹೊಲಕ್ಕ ಹೋಗ್ಯಾನ" ಎಂದರೆ "ಹೊಲಕ್ಕ ಹೋಗ್ಯಾನ" ಎಂದೇ ಬರೆಯಲಿ. ಒಡಪುಗಳಿಗೆ ಒಂದು ಪುಟ ಬೇರೆಯೇ ಇರಲಿ, ಉತ್ತರವನ್ನು ಹಾಳೆಯ ಹಿಂಬದಿಗೆ ಬರೆದರೆ ಓದುವವರಿಗೆ ಆಟವಾಗುತ್ತದೆ. ನಿಮ್ಮ ಅತ್ತೆಯವರು ಮದುವೆ ಮುಂಜಿಗಳಲ್ಲಿ ಗಂಡನ ಹೆಸರು ಹೇಳಲು ಹಾಕುತ್ತಿದ್ದ ಒಡಪನ್ನೂ ಕೇಳಿರಿ. ಅಜ್ಜನ ಹೆಸರು ಹಾಡಿನಂತೆ ಬರುವುದನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ.

ಪುಸ್ತಕ ಕಟ್ಟುವುದು ಕಷ್ಟವಲ್ಲ. ಎ4 ಅಳತೆಯ 10 ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಚಿದರೆ 40 ಪುಟಗಳಾಗುತ್ತವೆ. ಮಡಿಕೆಯ ಮೇಲೆ ನಡುವೆ ಒಂದು, ಮೇಲೆ ಕೆಳಗೆ ಒಂದೊಂದು, ಹೀಗೆ ಮೂರು ತೂತು ದಬ್ಬಣದಿಂದ ಹಾಕಿರಿ. ಅದು ದೊಡ್ಡವರ ಕೆಲಸ. ದಪ್ಪ ದಾರವನ್ನು ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ತೆಗೆದು, ಮೇಲಿನ ತೂತಿನಿಂದ ಒಳಗೆ, ಅಲ್ಲಿಂದ ಉದ್ದಕ್ಕೆ ಕೆಳಗಿನ ತೂತಿನ ತನಕ ತಂದು ಹೊರಗೆ, ಮತ್ತೆ ನಡುವಿನ ತೂತಿನಿಂದ ಒಳಗೆ ತಂದು ಎರಡೂ ತುದಿಗಳನ್ನು ಗಂಟು ಹಾಕಿರಿ. ಹೊರಗಿನ ರಟ್ಟಿಗೆ ಹಳೆಯ ನೋಟುಬುಕ್ಕಿನ ರಟ್ಟು ಸಾಕು. ಅದರ ಮೇಲೆ ಕುಪ್ಪಸ ಹೊಲಿಸಿ ಉಳಿದ ಗುಳೇದಗುಡ್ಡದ ಖಣದ ತುಂಡನ್ನು ಮೈದಾ ಗಂಜಿಯಿಂದ ಅಂಟಿಸಿದರೆ ಪುಸ್ತಕ ಗಟ್ಟಿಯಾಗಿಯೂ ಇರುತ್ತದೆ, ಕೈಗೆ ಹಿತವಾಗಿಯೂ ಇರುತ್ತದೆ. ಗಂಜಿಗೆ ಚಿಟಿಕೆ ಮೈಲುತುತ್ತ ಬೆರೆಸುವ ಹಳೆಯ ರೂಢಿ ಮಕ್ಕಳ ಪುಸ್ತಕಕ್ಕೆ ಬೇಡ, ಅದು ವಿಷ. ಮೇಲಿನ ಹೆಸರಿನ ಜಾಗದಲ್ಲಿ ಹೇಳಿದವರು ಆಯಿ ಎಂದೂ, ಬರೆದವರು ಮಕ್ಕಳು ಎಂದೂ ಎರಡೂ ಇರಲಿ.

ವಿಜಯದಶಮಿ ಕಳೆದು ಐದು ದಿನಕ್ಕೆ ಸೀಗಿ ಹುಣ್ಣಿಮೆ ಬರುತ್ತದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡಬು ಎಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ ಊಟಕ್ಕೆ ಕೂತಾಗ ಆ ಪುಸ್ತಕದ ಮೊದಲ ಓದು ಅಲ್ಲಿಯೇ ನಡೆಯಲಿ. ಅಕ್ಕಪಕ್ಕದ ಹೊಲದವರನ್ನೂ ಕರೆಯಿರಿ. ತಮ್ಮ ಮಾತನ್ನೇ ಮೊಮ್ಮಕ್ಕಳು ಓದುವುದನ್ನು ಕೇಳಿದಾಗ ನಿಮ್ಮ ಅತ್ತೆಯವರು, "ಅಲ್ಲಲ್ಲ, ಅದು ಹಂಗಲ್ಲ" ಎಂದು ತಿದ್ದಲು ಶುರುಮಾಡುತ್ತಾರೆ. ಆ ತಿದ್ದುಪಡಿಗಳಲ್ಲಿಯೇ ಮರೆತ ಸಾಲುಗಳು ಹೊರಬರುತ್ತವೆ. ಅದಕ್ಕಾಗಿ ಪ್ರತಿ ಕಥೆಯ ನಂತರ ಒಂದು ಪುಟವನ್ನು ಖಾಲಿ ಬಿಟ್ಟಿರಿ, ಪೆನ್ಸಿಲ್ಲನ್ನೂ ಬುತ್ತಿಯ ಜೊತೆಗೆ ಒಯ್ಯಿರಿ. ಕೊನೆಯ ಕೆಲವು ಪುಟಗಳನ್ನು ದೀಪಾವಳಿಗೆ ಇಟ್ಟುಕೊಳ್ಳಿರಿ. ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿಡುವಾಗ ಯಾರನ್ನು ಎಲ್ಲಿ ಕೂರಿಸುತ್ತಾರೆ, ಯಾವ ಹೂವು ಏರಿಸುತ್ತಾರೆ ಎಂಬುದನ್ನು ಮಕ್ಕಳು ಚಿತ್ರ ಬರೆದು ಸೇರಿಸಲಿ. ಪುಸ್ತಕ ಸಿದ್ಧವಾದ ಮೇಲೆ ಅದರ ಒಂದು ಪ್ರತಿಯನ್ನು ಕೈಯಿಂದ ನಕಲು ಮಾಡಿಸಿ ನಿಮ್ಮ ಊರಿನ ಅರಿವು ಕೇಂದ್ರಕ್ಕೂ ಕೊಡಿರಿ.